ಹಿಟ್ಟು ಕಲಸಿದವರು ಯಾರು?

ಭಾನುವಾರ ಮಧ್ಯಾಹ್ನ ಮಣಿಪಾಲದ ಟೈಗರ್ ಸರ್ಕಲ್‌ನಲ್ಲಿ ಅರ್ಧ ಗಂಟೆ ಸುಮ್ಮನೆ ನಿಂತರೆ ಸಾಕು, ಇಂಥದೊಂದು ದೃಶ್ಯ ಕಣ್ಣಿಗೆ ಬಿದ್ದೇ ಬೀಳುತ್ತದೆ. ಕಾರ್ಕಳ ಕಡೆಯ ಬಸ್ಸಿನಿಂದ ಅಪ್ಪ ಅಮ್ಮ ಇಳಿಯುತ್ತಾರೆ. ಅಮ್ಮನ ಕೈಯಲ್ಲಿ ಉಪ್ಪಿನಕಾಯಿ ಬಾಟಲಿ, ಒಂದು ಡಬ್ಬಿ ಚಕ್ಕುಲಿ. ಹಾಸ್ಟೆಲಿನಿಂದ ಮಗಳು ಓಡಿಬರುತ್ತಾಳೆ. ಊಟಕ್ಕೆ ಎಲ್ಲಿಗೆ ಎಂಬ ಮಾತು ಬಂದಾಗ ಅವಳು, "ಇವತ್ತು ಪಿಜ್ಜಾ ತಿನ್ನುವ ಅಪ್ಪಾ" ಎನ್ನುತ್ತಾಳೆ. ತಟ್ಟೆ ಬರುತ್ತದೆ, ಅದರ ಹಿಂದೆಯೇ ಬಿಲ್ಲೂ ಬರುತ್ತದೆ. ಅಪ್ಪ ಎರಡನ್ನೂ ಒಮ್ಮೆ ನೋಡಿ, "ಊತಪ್ಪಕ್ಕೆ ಇಷ್ಟು ದುಡ್ಡಾ ಮಗಾ?" ಎನ್ನುತ್ತಾರೆ. ಮಗಳು ಆಚೀಚೆ ನೋಡುತ್ತಾಳೆ, ಯಾರಾದರೂ ಕೇಳಿಸಿಕೊಂಡರೋ ಎಂದು.

ಅಪ್ಪನ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ಹುದುಗಿಸಿದ ಹಿಟ್ಟು, ಮೇಲೆ ತರಕಾರಿ, ಕೆಳಗಿನಿಂದ ಬೆಂಕಿ. ಊತಪ್ಪಕ್ಕೂ ಪಿಜ್ಜಾಕ್ಕೂ ಇಷ್ಟರಮಟ್ಟಿಗೆ ನೆಂಟಸ್ತಿಕೆ ಉಂಟು. ನೇಪಲ್ಸ್‌ನಲ್ಲೂ ಅದು ಮೊದಲು ಬಡವರ ತಿಂಡಿಯೇ ಆಗಿತ್ತು. ಬೀದಿಯಲ್ಲಿ ನಿಂತು ತಿಂದು ಕೆಲಸಕ್ಕೆ ಹೋಗುವವರ ತಿಂಡಿ. ಅದು ಅಮೆರಿಕಕ್ಕೆ ಹೋಗಿ, ಅಲ್ಲಿ ಕಂಪೆನಿಯ ಸರಕಾಗಿ, ಆ ಬಳಿಕ ನಮ್ಮಲ್ಲಿಗೆ ಬಂದಿತು. ಕಾನ್ಸಾಸ್‌ನ ವಿಚಿಟಾದಲ್ಲಿ ಇಬ್ಬರು ಅಣ್ಣತಮ್ಮಂದಿರು 1958ರಲ್ಲಿ ಪಿಜ್ಜಾ ಹಟ್ ತೆರೆದರು. ಮಿಷಿಗನ್‌ನಲ್ಲಿ ಇನ್ನಿಬ್ಬರು ಅಣ್ಣತಮ್ಮಂದಿರು 1960ರಲ್ಲಿ ಆರಂಭಿಸಿದ ಅಂಗಡಿ ಮುಂದೆ ಡೊಮಿನೋಸ್ ಆಯಿತು. 1996ರಲ್ಲಿ ಎರಡೂ ಭಾರತಕ್ಕೆ ಬಂದವು. ಡೊಮಿನೋಸ್ ದಿಲ್ಲಿಯಲ್ಲಿ ಬಾಗಿಲು ತೆರೆದರೆ ಪಿಜ್ಜಾ ಹಟ್ ಬೆಂಗಳೂರನ್ನು ಆರಿಸಿಕೊಂಡಿತು. ಅದಕ್ಕೆ ಹಿಂದಿನ ವರ್ಷವಷ್ಟೇ ಅದೇ ಬೆಂಗಳೂರಿಗೆ ಕೆಂಟಕಿ ಚಿಕನ್ ಬಂದಿತ್ತು. 1996ರ ಜನವರಿಯಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತಸಂಘದವರು ಆ ಅಂಗಡಿಗೆ ನುಗ್ಗಿ ಪುಡಿಗಟ್ಟಿದ್ದು ಈಗಿನ ವಿದ್ಯಾರ್ಥಿಗಳ ಅಪ್ಪಂದಿರಿಗೆ ನೆನಪಿರಬಹುದು. ಈಗ ಕಾಲ ಬದಲಾಗಿದೆ. ಡೊಮಿನೋಸ್ ಒಂದಕ್ಕೇ ದೇಶದಲ್ಲಿ 2,000ಕ್ಕೂ ಹೆಚ್ಚು ಅಂಗಡಿಗಳಿವೆ, ಮಣಿಪಾಲದಲ್ಲೂ ಉಂಟು. ಅದರ ಆಸುಪಾಸಿನಲ್ಲೇ ಊರಿನವರು ನಡೆಸುವ ಪಿಜ್ಜಾ ಅಂಗಡಿಗಳೂ ಇವೆ. ಕಾಪು, ಕಾರ್ಕಳದ ಕಡೆಗೆ ಹೋದರೆ ಬೇಕರಿಯ ಗಾಜಿನ ಕಪಾಟಿನಲ್ಲಿ ಪಫ್ಸ್ ಪಕ್ಕದಲ್ಲಿ ಪಿಜ್ಜಾ ಕುಳಿತಿರುತ್ತದೆ.

ಯಾವುದು ಒಳ್ಳೆಯದು? ಹಾಸ್ಟೆಲುಗಳಲ್ಲಿ ಈ ವಾದ ರಾತ್ರಿ ಹನ್ನೊಂದರ ತನಕ ನಡೆಯುತ್ತದಂತೆ. ರುಚಿ ಅವರವರ ನಾಲಗೆಗೆ ಬಿಟ್ಟದ್ದು, ಅದರಲ್ಲಿ ತೀರ್ಪು ಹೇಳಹೊರಟರೆ ಜಗಳವೇ ಸರಿ. ಆದರೆ ಒಂದು ಪ್ರಶ್ನೆಯನ್ನು ಎರಡೂ ಕಡೆ ಕೇಳಬಹುದು, ಕೇಳಲೂಬೇಕು. ಈ ಹಿಟ್ಟನ್ನು ಕಲಸಿದವರು ಯಾರು?

ದೊಡ್ಡ ಕಂಪೆನಿಯ ಅಂಗಡಿಯಲ್ಲಿ ಅದಕ್ಕೆ ಉತ್ತರ ಸರಳ. ಅಲ್ಲಿ ಯಾರೂ ಕಲಸುವುದಿಲ್ಲ. ದೂರದ ನಗರದ ಒಂದು ಕೇಂದ್ರ ಅಡುಗೆಮನೆಯಲ್ಲಿ ಯಂತ್ರ ಹಿಟ್ಟು ನಾದುತ್ತದೆ, ತೂಕ ಹಾಕಿ ಉಂಡೆ ಮಾಡಿದ್ದು ತಣ್ಣನೆಯ ಲಾರಿಯಲ್ಲಿ ಬರುತ್ತದೆ. ಅಂಗಡಿಯ ಹುಡುಗ ಹುಡುಗಿಯರು ಅದನ್ನು ತಟ್ಟಿ, ಅಳತೆಯ ಸಾಸ್ ಹಚ್ಚಿ, ಅಳತೆಯ ಚೀಸ್ ಉದುರಿಸಿ, ಸರಪಳಿಯ ಮೇಲೆ ಚಲಿಸುವ ಒಲೆಯೊಳಗೆ ಇಡುತ್ತಾರೆ. ಆರೇಳು ನಿಮಿಷಕ್ಕೆ ಅದು ಆಚೆ ತುದಿಯಿಂದ ಬೆಂದು ಹೊರಗೆ ಬರುತ್ತದೆ. ಒಲೆಯ ಶಾಖ, ಸರಪಳಿಯ ವೇಗ ಎಲ್ಲವೂ ಮೊದಲೇ ನಿಗದಿ. ಮಣಿಪಾಲದಲ್ಲಿ ತಿಂದದ್ದು ಮೈಸೂರಿನಲ್ಲಿ ತಿಂದ ಹಾಗೆಯೇ ಇರುತ್ತದೆ. ಇದು ಸಣ್ಣ ಸಾಧನೆಯಲ್ಲ. ದೋಸೆ ಹಿಟ್ಟಿನ ಪಾಡು ಗೊತ್ತಿರುವ ಕರಾವಳಿಯ ಯಾವ ಅಮ್ಮನೂ ಇದನ್ನು ಒಪ್ಪುತ್ತಾರೆ. ಮೇ ತಿಂಗಳಲ್ಲಿ ರಾತ್ರಿ ರುಬ್ಬಿಟ್ಟ ಹಿಟ್ಟು ಬೆಳಗಾಗುವುದರೊಳಗೆ ಪಾತ್ರೆಯಿಂದ ಉಕ್ಕಿ ನೆಲಕ್ಕಿಳಿದಿರುತ್ತದೆ; ಆಟಿಯ ಮಳೆಯಲ್ಲಿ ಅದೇ ಹಿಟ್ಟು ಎಂಟು ಗಂಟೆಯಾದರೂ ಕಣ್ಣು ಬಿಡುವುದಿಲ್ಲ. ಮೈದಾ, ಯೀಸ್ಟ್ ಕಲಸಿದ ಹಿಟ್ಟಿಗೂ ಇದೇ ಸ್ವಭಾವ. ಕಂಪೆನಿಯು ಹವೆಯನ್ನೇ ಲೆಕ್ಕದಿಂದ ತೆಗೆದುಹಾಕಿತು.

ಊರಿನ ಅಂಗಡಿಯಲ್ಲಿ ಉತ್ತರ ಒಂದೇ ಅಲ್ಲ. ಕೆಲವರು ಬೇರೆಲ್ಲೋ ತಯಾರಾದ ಪಿಜ್ಜಾ ಬೇಸನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ತರಿಸಿ, ಮೇಲೆ ಚೀಸ್ ಉದುರಿಸಿ, ಬಿಸಿ ಮಾಡಿ ಕೊಡುತ್ತಾರೆ. ಇದನ್ನು ಊರಿನ ಪಿಜ್ಜಾ ಎಂದು ಹೊಗಳಲು ಕಾರಣವಿಲ್ಲ. ಹಾಗೆ ನೋಡಿದರೆ ಇದಕ್ಕಿಂತ ಕಂಪೆನಿಯದೇ ಮೇಲು, ಅದರ ಹಿಟ್ಟಾದರೂ ಹಸಿಯಾಗಿ ಬಂದು ಅಲ್ಲೇ ಬೇಯುತ್ತದೆ. ಇನ್ನು ಕೆಲವರು ಬೆಳಿಗ್ಗೆಯೇ ಹಿಟ್ಟು ನಾದಿ, ಒದ್ದೆ ಬಟ್ಟೆ ಮುಚ್ಚಿ ಇಡುತ್ತಾರೆ. ಅಥವಾ ಹಿಂದಿನ ದಿನವೇ ಕಲಸಿ ಫ್ರಿಜ್ಜಿನಲ್ಲಿ ನಿಧಾನಕ್ಕೆ ಹುದುಗಲು ಬಿಡುತ್ತಾರೆ. ಕಟ್ಟಿಗೆಯ ಒಲೆ ಕಟ್ಟಿಸಿಕೊಂಡವನಂತೂ ಬೆಂಕಿಯ ಮುಂದಿನಿಂದ ಕದಲುವಂತಿಲ್ಲ. ನೇಪಲ್ಸ್‌ನ ಪದ್ಧತಿಯಲ್ಲಿ ಒಲೆಯ ಶಾಖ 430 ಡಿಗ್ರಿ ದಾಟಿರುತ್ತದೆ, ಒಂದೂವರೆ ನಿಮಿಷದೊಳಗೆ ಪಿಜ್ಜಾ ಬೇಯುತ್ತದೆ. ಹತ್ತು ಸೆಕೆಂಡು ಮೈಮರೆತರೆ ಕರಿ. ಅಂಥವನ ಪಿಜ್ಜಾ ಒಂದು ದಿನ ಬಹಳ ಚೆನ್ನ, ಇನ್ನೊಂದು ದಿನ ಅಂಚು ಸೀದಿರುತ್ತದೆ. ಕೈಕೆಲಸಕ್ಕೆ ಇದು ತಪ್ಪಿದ್ದಲ್ಲ.

ಇಷ್ಟಕ್ಕೂ ಹಿಟ್ಟು ಯಾರು ಕಲಸಿದರೆ ತಿನ್ನುವವನಿಗೇನು ಎಂದು ಯಾರಾದರೂ ಕೇಳಬಹುದು. ಬೇರೆ ಊರಿನವರು ಕೇಳಿದರೆ ಸರಿ. ಉಡುಪಿಯವರು ಮಾತ್ರ ಹಾಗೆ ಕೇಳುವಂತಿಲ್ಲ. ಏಕೆಂದರೆ ಈ ಊರಿನ ಹೆಸರು ಲೋಕಕ್ಕೆ ಗೊತ್ತಾದದ್ದು ಕೃಷ್ಣಮಠದಿಂದ, ಅದು ಬಿಟ್ಟರೆ ಹೋಟೆಲಿನಿಂದ. ಮದ್ರಾಸಿನಲ್ಲಿ, ಮುಂಬಯಿಯಲ್ಲಿ, ದೂರದ ನ್ಯೂಯಾರ್ಕಿನಲ್ಲಿ 'ಉಡುಪಿ' ಎಂಬ ಬೋರ್ಡು ತೂಗುತ್ತದೆ. ಆದರೆ ಉಡುಪಿ ಹೋಟೆಲ್ ಎಂಬ ಕಂಪೆನಿ ಎಲ್ಲೂ ಇಲ್ಲ. ಅದಕ್ಕೆ ಮುಖ್ಯ ಕಚೇರಿ ಇಲ್ಲ, ರಾಯಲ್ಟಿ ಇಲ್ಲ, ಕೈಪಿಡಿ ಇಲ್ಲ. ಹೆಸರು ಎಲ್ಲರದು, ಅಂಗಡಿ ಅವರವರದು. ಹಾಗಿದ್ದೂ ಅಷ್ಟು ದೂರ ಹರಡಿತಲ್ಲ, ಹೇಗೆ?

ಕಾರ್ಕಳಕ್ಕೆ ದೂರವಲ್ಲದ ಕಡಂದಲೆಯಲ್ಲಿ ಹುಟ್ಟಿದ ಕೆ. ಕೃಷ್ಣರಾಯರ ಕತೆಯನ್ನೇ ತೆಗೆದುಕೊಳ್ಳಿ. ಉಡುಪಿಯ ಮಠದ ಅಡುಗೆಮನೆಯಲ್ಲಿ ದುಡಿದ ಹುಡುಗ 1920ರ ದಶಕದಲ್ಲಿ ಮದ್ರಾಸಿಗೆ ಹೋದರು. ಹೋಟೆಲಿನಲ್ಲಿ ಸಣ್ಣಪುಟ್ಟ ಕೆಲಸ ಮಾಡಿ, ಆಮೇಲೆ ಸ್ವಂತ ಹೋಟೆಲು ಹಾಕಿ, 1930ರ ದಶಕದ ಕೊನೆಗೆ ವುಡ್‌ಲ್ಯಾಂಡ್ಸ್ ಕಟ್ಟಿದರು. ಬೆಂಗಳೂರಿನ ಎಂ.ಟಿ.ಆರ್. ಕತೆಯೂ ಹೀಗೇ. ಸಾಲಿಗ್ರಾಮದ ಹತ್ತಿರದ ಪಾರಂಪಳ್ಳಿಯಿಂದ ಹೋದ ಯಜ್ಞನಾರಾಯಣ ಮಯ್ಯರು ಮತ್ತವರ ಸಹೋದರರು 1924ರಲ್ಲಿ ಆರಂಭಿಸಿದ ಸಣ್ಣ ಕಾಫಿ ಕ್ಲಬ್ ಅದು. ಇವರಿಬ್ಬರ ಹಿಂದೆ ಹೆಸರಿಲ್ಲದ ಸಾವಿರಾರು ಹುಡುಗರಿದ್ದಾರೆ. ಲೋಟ ತೊಳೆಯಲು ಸೇರಿದವನು ಸಪ್ಲೈಯರ್ ಆದ, ರುಬ್ಬುವ ಕಲ್ಲಿನ ಹತ್ತಿರ ಹೋದ, ಭಟ್ಟರ ಪಕ್ಕದಲ್ಲಿ ನಿಂತು ಹದ ನೋಡಿದ, ಗಲ್ಲದ ಮೇಲೆ ಕೂತ, ಕೊನೆಗೆ ಪಕ್ಕದ ಬೀದಿಯಲ್ಲಿ ತನ್ನದೇ ಬೋರ್ಡು ಹಾಕಿದ. ಧಣಿಗಳಿಗೆ ಸಿಟ್ಟು ಬಂದಿರಬಹುದು, ಆದರೆ ತಡೆಯಲಾಗಲಿಲ್ಲ. ಹದ ಎನ್ನುವುದು ಹುಡುಗನ ಕೈಯೊಳಗೆ ಇಳಿದುಬಿಟ್ಟಿತ್ತು. ಅದನ್ನು ಯಾವ ಕಪಾಟಿನಲ್ಲಿ ಬೀಗ ಹಾಕಿ ಇಡುವುದು?

ಆ ಹುಡುಗರ ಬದುಕು ಹೂವಿನ ಹಾಸಿಗೆಯಾಗಿತ್ತು ಎಂದು ಯಾರೂ ತಿಳಿಯಬಾರದು. ಶಾಲೆ ಬಿಟ್ಟು ಬಂದವರು, ಬೆಳಗಿನ ಜಾವಕ್ಕೆ ಎದ್ದು ರಾತ್ರಿ ಹೋಟೆಲಿನ ಬೆಂಚಿನ ಮೇಲೆ ಮಲಗಿದವರು. ಮುಂಬಯಿಯಲ್ಲಿ ಇಂಥವರಿಗಾಗಿಯೇ ಕನ್ನಡ ರಾತ್ರಿಶಾಲೆಗಳು ನಡೆದವು. ಹಗಲು ಪ್ಲೇಟು ಎತ್ತಿ ರಾತ್ರಿ ಎಸ್ಸೆಸ್ಸೆಲ್ಸಿ ಓದಿದವರು ಈ ಜಿಲ್ಲೆಯ ಮನೆಮನೆಯಲ್ಲೂ ಸಿಗುತ್ತಾರೆ. ಅಂಥ ಅಜ್ಜನೊಬ್ಬನ ಮೊಮ್ಮಗಳೇ ಇವತ್ತು ಮಣಿಪಾಲದಲ್ಲಿ ಪಿಜ್ಜಾ ತಿನ್ನುತ್ತಿರಲಿಕ್ಕೂ ಸಾಕು.

ಕಂಪೆನಿಯ ಅಂಗಡಿಯಲ್ಲಿ ದುಡಿಯುವ ಹುಡುಗನಿಗೆ ಈ ಕಷ್ಟಗಳಿಲ್ಲ. ಸಮವಸ್ತ್ರ ಉಂಟು, ಪಾಳಿ ಉಂಟು, ಸಂಬಳದ ಚೀಟಿ ಉಂಟು. ಹೆಣ್ಣುಮಕ್ಕಳು ಗಲ್ಲದಲ್ಲಿ ನಿಂತು ಧೈರ್ಯವಾಗಿ ಕೆಲಸ ಮಾಡುತ್ತಾರೆ. ಹಳೆಯ ಹೋಟೆಲಿನಲ್ಲಿ ಇದು ಕಾಣಸಿಗುತ್ತಿರಲಿಲ್ಲ. ಗಿರಾಕಿಯೊಡನೆ ಮಾತಾಡುವುದು, ಲೆಕ್ಕ, ಶುಚಿ, ಸಮಯಪಾಲನೆ ಎಲ್ಲವನ್ನೂ ಅಲ್ಲಿ ಕಲಿಯುತ್ತಾರೆ. ಕಲಿಯಲಾಗದ್ದು ಒಂದೇ. ಐದು ವರ್ಷ ದುಡಿದು ಹೊರಗೆ ಬಂದರೂ ಪಿಜ್ಜಾದ ಹಿಟ್ಟು ಕಲಸಲು ಬರುವುದಿಲ್ಲ. ಅದು ಅಲ್ಲಿ ಕಲಸಲ್ಪಡುವುದೇ ಇಲ್ಲವಲ್ಲ! ವಿದ್ಯೆ ಕೇಂದ್ರ ಅಡುಗೆಮನೆಯಲ್ಲೇ ಉಳಿಯಿತು. ಮಾರಾಟದ ಒಂದು ಪಾಲು ಹೆಸರಿನ ಬಾಬ್ತಾಗಿ ಸಮುದ್ರ ದಾಟಿತು. ಊರಿನ ಅಂಗಡಿಯಲ್ಲಿ ಹಿಟ್ಟು ನಾದಿದ ಹುಡುಗನಿಗೆ ಸಂಬಳ ಕಡಿಮೆ ಇರಬಹುದು, ರಜೆಯೂ ಕಡಿಮೆ ಇರಬಹುದು. ಆದರೆ ನಾಲ್ಕು ವರ್ಷ ಬಿಟ್ಟು ಅವನು ಹಿರಿಯಡಕದಲ್ಲೋ ಬೆಳ್ಮಣ್ಣಿನಲ್ಲೋ ಒಂದು ಒಲೆ ಹಾಕಬಲ್ಲ. ತಿನ್ನುವವನು ಕೊಡುವ ದುಡ್ಡಿನಲ್ಲಿ ಈ ಕಲಿಕೆಯ ಶುಲ್ಕವೂ ಸೇರಿರುತ್ತದೆ. ತೊಟ್ಟೆಯ ಬೇಸ್ ಬಿಸಿ ಮಾಡುವ ಕಡೆ ಸೇರಿರುವುದಿಲ್ಲ.

ಮಣಿಪಾಲದಲ್ಲಿ ಹೋಟೆಲ್ ವಿದ್ಯೆ ಕಲಿಸುವ ದೊಡ್ಡ ಕಾಲೇಜೇ ಇದೆ. ಅದರ ಹಳೆಯ ವಿದ್ಯಾರ್ಥಿ, ಜಗತ್ತಿಗೆಲ್ಲ ಪರಿಚಿತ ಬಾಣಸಿಗ ವಿಕಾಸ್ ಖನ್ನಾ ಅವರ ಆಸಕ್ತಿಯಿಂದ 2018ರಲ್ಲಿ ಅಲ್ಲಿ ಅಡುಗೆ ಪಾತ್ರೆಗಳ ವಸ್ತುಸಂಗ್ರಹಾಲಯವೂ ಆಯಿತು. ಕಟ್ಟಡವೇ ಒಂದು ದೊಡ್ಡ ಹಂಡೆಯ ಆಕಾರದಲ್ಲಿದೆ. ಮಕ್ಕಳನ್ನು ನೋಡಲು ಬಂದ ಅಪ್ಪ ಅಮ್ಮ ಅದನ್ನೊಮ್ಮೆ ನೋಡಿ ಹೋಗಬಹುದು. ರುಬ್ಬುವ ಕಲ್ಲು ಗಾಜಿನ ಪೆಟ್ಟಿಗೆ ಸೇರುವ ಕಾಲ ಬಂತಲ್ಲ ಎಂದು ಅಮ್ಮ ನಗದಿದ್ದರೆ ಹೇಳಿ.

ಶುಚಿಯ ವಿಷಯದಲ್ಲಿ ಮಾತ್ರ ಊರಿನ ಅಂಗಡಿಯವರಿಗೆ ರಿಯಾಯಿತಿ ಕೊಡಬಾರದು. "ನಮ್ಮವರು, ಸ್ವಲ್ಪ ಹೊಂದಿಕೊಳ್ಳಿ" ಎಂಬ ಮಾತು ಅಡುಗೆಮನೆಗೆ ಹೊಂದುವುದಿಲ್ಲ. ಎಂ.ಟಿ.ಆರ್.ನ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳ ಸ್ವಚ್ಛತೆಯನ್ನು ಕಂಡು ಬಂದು, ತಮ್ಮ ಪಾತ್ರೆ ಲೋಟಗಳನ್ನು ಕುದಿಸಿ ತೊಳೆಯುವ ಏರ್ಪಾಡು ಮಾಡಿದರು. ಬೆಂಗಳೂರಿನ ಆರ್. ಪ್ರಭಾಕರ್ ಹೊರದೇಶದ ಫಾಸ್ಟ್‌ಫುಡ್ ಅಂಗಡಿಗಳನ್ನು ನೋಡಿ ಬಂದು 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ತೆರೆದರು. ತೆರೆದ ಅಡುಗೆಮನೆ, ನಿಂತು ತಿನ್ನುವ ಮೇಜು, ಎಲ್ಲ ಕಣ್ಣೆದುರಿಗೆ. ಪರದೇಶದಿಂದ ಕಲಿಯಬೇಕಾದ್ದನ್ನು ಕಲಿತು, ಇಡ್ಲಿ ಸಾಂಬಾರನ್ನು ಮಾತ್ರ ತಮ್ಮದಾಗಿಯೇ ಇಟ್ಟುಕೊಂಡವರು ಇವರು. ಆಮೇಲೆ ದರ್ಶಿನಿಗಳು ಬೀದಿಗೊಂದಾದವು, ಒಂದಕ್ಕೊಂದು ಸಂಬಂಧವಿಲ್ಲದ ಮಾಲೀಕರಿಂದ. ಊರಿನ ಪಿಜ್ಜಾ ಅಂಗಡಿಯವರಿಗೆ ಮಾದರಿ ಬೇಕಿದ್ದರೆ ಮಿಷಿಗನ್ನಿಗೆ ಹೋಗಬೇಕಾಗಿಲ್ಲ.

ಇನ್ನು ದುಡ್ಡಿನ ಲೆಕ್ಕ. ವಿದ್ಯಾರ್ಥಿಗಳು ಲಕ್ಷ್ಯಕೊಟ್ಟು ಕೇಳಬೇಕು. ಪಿಜ್ಜಾದ ಗಾತ್ರವನ್ನು ಅಂಗುಲದಲ್ಲಿ ಹೇಳುತ್ತಾರೆ, ಏಳು ಅಂಗುಲ, ಹತ್ತು ಅಂಗುಲ ಎಂದು. ಏಳಕ್ಕೂ ಹತ್ತಕ್ಕೂ ಮೂರೇ ಅಂಗುಲದ ವ್ಯತ್ಯಾಸ ಎಂದು ಕಣ್ಣು ಮೋಸಹೋಗುತ್ತದೆ. ವೃತ್ತದ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ಅನುಗುಣ ಎಂದು ಹೈಸ್ಕೂಲಿನಲ್ಲಿ ಕಲಿತದ್ದು ಉಪಯೋಗಕ್ಕೆ ಬರುವುದು ಇಲ್ಲಿಯೇ. ಏಳರ ವರ್ಗ 49, ಹತ್ತರ ವರ್ಗ 100. ಹತ್ತು ಅಂಗುಲದ ಒಂದು ಪಿಜ್ಜಾ ಎಂದರೆ ಏಳು ಅಂಗುಲದ ಎರಡಕ್ಕಿಂತ ಕೂದಲೆಳೆಯಷ್ಟು ಹೆಚ್ಚೇ. ಜೊತೆಗೆ ಸುತ್ತ ಅರ್ಧ ಅಂಗುಲ ಬರೀ ಅಂಚು ಎಂದಿಟ್ಟುಕೊಂಡರೆ, ಚಿಕ್ಕದರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಅಂಚಿಗೇ ಹೋಯಿತು, ದೊಡ್ಡದರಲ್ಲಿ ಐದನೇ ಒಂದು ಭಾಗಕ್ಕಿಂತ ಕಡಿಮೆ. ಆದ್ದರಿಂದ "ಒಂದು ಕೊಂಡರೆ ಒಂದು ಉಚಿತ" ಎಂದಾಗ ಯಾವ ಗಾತ್ರದ್ದು ಎಂದು ಮೊದಲು ಕೇಳಿ. ಗೆಳೆಯರು ನಾಲ್ವರಿದ್ದರೆ ತಲೆಗೊಂದು ಚಿಕ್ಕದು ತರಿಸುವ ಬದಲು ದೊಡ್ಡದು ಎರಡು ತರಿಸಿದರೆ ಲಾಭವೋ ನಷ್ಟವೋ, ದರಪಟ್ಟಿ ಎದುರಿಗಿಟ್ಟುಕೊಂಡು ಒಂದು ನಿಮಿಷದಲ್ಲಿ ಹೇಳಬಹುದು. ಈ ಲೆಕ್ಕ ಎರಡೂ ಬಗೆಯ ಅಂಗಡಿಗಳಿಗೆ ಒಂದೇ.

ಅಪ್ಪ ಅಮ್ಮಂದಿರು ತಿಳಿದಿರಬೇಕಾದ ಕಾನೂನೊಂದಿದೆ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವು 2020ರಲ್ಲಿ ಮಾಡಿದ ನಿಯಮದಂತೆ, ಕೇಂದ್ರ ಲೈಸೆನ್ಸ್ ಇರುವ ಅಥವಾ ಹತ್ತು ಮತ್ತು ಅದಕ್ಕಿಂತ ಹೆಚ್ಚು ಕಡೆ ಅಂಗಡಿ ಇರುವ ಹೋಟೆಲಿನವರು ತಿಂಡಿಯ ಎದುರಿಗೆ ಅದರ ಕ್ಯಾಲೊರಿಯನ್ನು ನಮೂದಿಸಬೇಕು. 2022ರ ಜುಲೈಯಿಂದ ಇದು ಜಾರಿಯಲ್ಲಿದೆ. ಹೀಗಾಗಿ ಕಂಪೆನಿಯ ದರಪಟ್ಟಿಯಲ್ಲಿ ಆ ಅಂಕಿ ಸಿಗುತ್ತದೆ, ನೋಡುವ ಅಭ್ಯಾಸ ಬೇಕಷ್ಟೆ. ಒಂದೇ ಅಂಗಡಿಯ ಮಾಲೀಕನಿಗೆ ಈ ಕಟ್ಟು ಇಲ್ಲ. ಹಾಗೆಂದು ಅವನ ಪಿಜ್ಜಾದಲ್ಲಿ ಕೊಬ್ಬು ಕಡಿಮೆ ಎಂದು ಭಾವಿಸುವುದು ತಪ್ಪು. ಕೈ ಧಾರಾಳವಿದ್ದರೆ ಚೀಸೂ ಧಾರಾಳ. ಚೀಸ್ ಎಂದು ಕರೆಯುವುದೆಲ್ಲ ಹಾಲಿನದೇ ಆಗಿರಬೇಕೆಂದೂ ಇಲ್ಲ. ತಾಳೆ ಎಣ್ಣೆಯಂಥ ಸಸ್ಯಜನ್ಯ ಎಣ್ಣೆಯಿಂದ ತಯಾರಿಸಿದ, ಚೀಸಿನಂತೆಯೇ ಕರಗುವ ಪದಾರ್ಥ ಪೇಟೆಯಲ್ಲಿ ಸಿಗುತ್ತದೆ, ಬೆಲೆಯೂ ಕಡಿಮೆ. ಪೊಟ್ಟಣದ ಮೇಲೆ ಅದನ್ನು ಬರೆಯಬೇಕೆಂಬ ನಿಯಮವಿದೆ, ಆದರೆ ತಟ್ಟೆಗೆ ಬಂದಾಗ ಪೊಟ್ಟಣ ಎಲ್ಲಿರುತ್ತದೆ? "ಯಾವ ಚೀಸ್ ಹಾಕುತ್ತೀರಿ?" ಎಂದು ಕೇಳುವುದಕ್ಕೆ ಸಂಕೋಚ ಬೇಡ. ಒಳ್ಳೆಯ ಅಂಗಡಿಯವನು ಪೊಟ್ಟಣ ತಂದು ತೋರಿಸುತ್ತಾನೆ.

ಮನೆಬಾಗಿಲಿಗೆ ತರಿಸುವವರಿಗೂ ಒಂದು ಮಾತು. ಮೂವತ್ತು ನಿಮಿಷದಲ್ಲಿ ತಲುಪದಿದ್ದರೆ ಉಚಿತ ಎಂಬ ಭರವಸೆಯಿಂದಲೇ ಡೊಮಿನೋಸ್ ಅಮೆರಿಕದಲ್ಲಿ ಹೆಸರು ಮಾಡಿತು. ಅಪಘಾತಗಳಾಗಿ, ನ್ಯಾಯಾಲಯದಲ್ಲಿ ದೊಡ್ಡ ಮೊತ್ತದ ಪರಿಹಾರದ ತೀರ್ಪು ಬಂದ ಮೇಲೆ 1993ರಲ್ಲಿ ಅಲ್ಲಿ ಅದನ್ನು ಕೈಬಿಡಲಾಯಿತು. ಮಣಿಪಾಲದ ಇಳಿಜಾರಿನ ರಸ್ತೆಗಳಲ್ಲಿ ಜುಲೈ ತಿಂಗಳ ಮಳೆಯಲ್ಲಿ ಬೆನ್ನಿಗೆ ಪೆಟ್ಟಿಗೆ ಕಟ್ಟಿಕೊಂಡು ಬೈಕು ಓಡಿಸುವವನು ಎದುರು ಮನೆಯ ಹುಡುಗನೇ ಆಗಿರಬಹುದು. ಹತ್ತು ನಿಮಿಷ ತಡವಾದರೆ ಅವನ ಮೇಲೆ ರೇಗುವುದು ಬೇಡ. ಊರಿನ ಅಂಗಡಿಗಾದರೆ ಆ್ಯಪಿನ ಮೂಲಕ ಹೇಳುವುದಕ್ಕಿಂತ ನೇರ ಫೋನ್ ಮಾಡಿ, ನಡೆದು ಹೋಗಿ ತರುವುದೇ ವಾಸಿ. ಆ್ಯಪಿನವರಿಗೆ ಹೋಗುವ ಕಮಿಷನ್ ಅಂಗಡಿಯವನ ಗಲ್ಲದಲ್ಲೇ ಉಳಿಯುತ್ತದೆ. ಬಿಸಿ ಬಿಸಿ ತಿನ್ನಲಿಕ್ಕೂ ಆಯಿತು.

ಈ ಊರಿನ ಪಿಜ್ಜಾ ಇನ್ನೂ ತನ್ನ ರುಚಿಯನ್ನು ಪೂರ್ತಿ ಕಂಡುಕೊಂಡಿಲ್ಲ ಎಂಬುದು ನಿಜ. ಬಹಳಷ್ಟು ಕಡೆ ಕಂಪೆನಿಯ ದರಪಟ್ಟಿಯನ್ನೇ ಹೆಸರು ಬದಲಿಸಿ ಬರೆದಂತಿರುತ್ತದೆ. ಅದೇ ಪನೀರು, ಅದೇ ಜೋಳ, ಅದೇ ದೊಣ್ಣೆಮೆಣಸು. ಅದೇ ಸಾಮಾನು ಹಾಕಿ ಕಂಪೆನಿಯ ಜೊತೆ ಸ್ಪರ್ಧಿಸಿದರೆ ಗೆಲ್ಲುವುದು ಕಷ್ಟ, ಸಾವಿರಾರು ಅಂಗಡಿಗೆ ಒಟ್ಟಿಗೆ ಖರೀದಿಸುವವನ ಕ್ರಯಕ್ಕೆ ಒಬ್ಬ ಬೇಕರಿಯವನು ಸಾಟಿಯಾಗಲಾರ. ಆದರೆ ಕುಂದಾಪುರದ ಘೀ ರೋಸ್ಟ್ ಮಸಾಲೆ ಇಲ್ಲೇ ಇದೆ. ಮಟ್ಟುವಿನ ಗದ್ದೆಯಲ್ಲಿ ಬೆಳೆಯುವ, ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಮಟ್ಟುಗುಳ್ಳ ಕಾಪುವಿನಿಂದ ಕೂಗಳತೆಯಲ್ಲಿದೆ. ಇಟಲಿಯವರು ಬದನೆಯನ್ನು ಸುಟ್ಟು ಪಿಜ್ಜಾದ ಮೇಲಿಡುತ್ತಾರೆ. ಗುಳ್ಳವನ್ನು ತೆಳ್ಳಗೆ ಹೆಚ್ಚಿ ಇಡಲು ಅಡ್ಡಿ ಏನು? ಕಂಪೆನಿಯ ಕೇಂದ್ರ ಅಡುಗೆಮನೆಗೆ ಇದು ಆಗದ ಕೆಲಸ, ಅಷ್ಟು ಅಂಗಡಿಗಾಗುವಷ್ಟು ಗುಳ್ಳ ಮಟ್ಟುವಿನಲ್ಲಿ ಬೆಳೆಯುವುದಿಲ್ಲ. ಒಂದು ಅಂಗಡಿಗೆ ಬೇಕಾದಷ್ಟು ಬೆಳೆಯುತ್ತದೆ.

ಕಾರ್ಕಳದ ಅಪ್ಪನಿಗೆ ಮುಂದಿನ ಭಾನುವಾರ ಮಗಳು ಊರಿನವರ ಅಂಗಡಿಯೊಂದನ್ನು ತೋರಿಸಬಹುದು. ಹೋಗುವ ಮೊದಲು ಫೋನ್ ಮಾಡುವುದು ಒಳ್ಳೆಯದು. ಕೈಯಲ್ಲಿ ಹಿಟ್ಟು ಕಲಸುವ ಕಡೆ ದಿನಕ್ಕೆ ಇಷ್ಟೇ ಉಂಡೆ ಎಂಬ ಲೆಕ್ಕವಿರುತ್ತದೆ. ಕಾಪುವಿನ ದೀಪಸ್ತಂಭದ ಹತ್ತಿರ ಭಾನುವಾರ ಸಂಜೆ ಜನ ಸೇರುವುದರಿಂದ ಆ ಕಡೆ ಇನ್ನೂ ಬೇಗ ಮುಗಿಯುತ್ತದೆ. ಮುಗಿದಿದೆ ಎಂದರೆ ತೊಟ್ಟೆಯ ಬೇಸಿನಲ್ಲಿ ಮಾಡಿಕೊಡಿ ಎಂದು ಒತ್ತಾಯಿಸದೆ, ಮರುದಿನ ಎಷ್ಟು ಹೊತ್ತಿಗೆ ಒಲೆ ಹಚ್ಚುತ್ತಾರೆಂದು ಕೇಳಿ ಬರಬೇಕು.